ಸ್ಪೀಕರು ಮೊದಲೋ, ಕೋಣೆ ಮೊದಲೋ?

ಸಂಗೀತವನ್ನು ಮನೆಯಲ್ಲಿಯೇ ಕುಳಿತು, ಬೇಕೆಂದಾಗ ಬೇಕಾದಷ್ಟು ಕೇಳುವ ಭಾಗ್ಯ ಮನುಷ್ಯನಿಗೆ ಲಭಿಸಿ ಬಹಳ ಕಾಲವೇನೂ ಆಗಿಲ್ಲ. ಒಂದೂವರೆ ಶತಮಾನದ ಹಿಂದೆ, ಗಾಯಕನು ಹಾಡುವ ಸ್ಥಳಕ್ಕೆ ಕೇಳುವವನು ನಡೆದುಹೋಗಬೇಕಾಗಿತ್ತು. ಇಲ್ಲವೆ ಗಾಯಕನನ್ನೇ ಮನೆಗೆ ಬರಮಾಡಿಕೊಳ್ಳುವಷ್ಟು ಸಿರಿವಂತನಾಗಿರಬೇಕಾಗಿತ್ತು. ಇಂದು ಆ ಸ್ಥಿತಿ ತಲೆಕೆಳಗಾಗಿದೆ. ಅಂಗೈಯಗಲದ ಯಂತ್ರವೊಂದು ಲೋಕದ ಸಂಗೀತವನ್ನೆಲ್ಲ ನಮ್ಮ ಕಿವಿಗೆ ತಂದು ಸುರಿಯುತ್ತದೆ. ಅಷ್ಟರಿಂದ ತೃಪ್ತರಾಗದೆ, ಮನೆಯ ಒಂದು ಕೋಣೆಯನ್ನೇ ಸಂಗೀತಕ್ಕಾಗಿ ಮೀಸಲಿಟ್ಟು, ಲಕ್ಷಗಟ್ಟಲೆ ರೂಪಾಯಿ ಬೆಲೆಯ ಸ್ಪೀಕರುಗಳನ್ನೂ ಆಂಪ್ಲಿಫಯರುಗಳನ್ನೂ ತಂದು ಜೋಡಿಸುವ ರಸಿಕರೂ ನಮ್ಮ ನಗರಗಳಲ್ಲಿದ್ದಾರೆ. ಅವರ ಅಭಿರುಚಿಯನ್ನು ಹಳಿಯುವ ಉದ್ದೇಶ ಈ ಲೇಖನಕ್ಕಿಲ್ಲ. ಅವರು ಹಣ ವ್ಯಯಮಾಡುವ ಅನುಕ್ರಮದ ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ.

ಆ ಅನುಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ: ಮೊದಲು ಹೆಸರುವಾಸಿಯಾದ ಸ್ಪೀಕರಿನ ಜೋಡಿ, ತರುವಾಯ ಅದಕ್ಕೆ ತಕ್ಕುದೆಂದು ಅಂಗಡಿಯವರು ಹೇಳಿದ ಆಂಪ್ಲಿಫಯರು, ಕೇಳಿದಾಗ ಏನೋ ಕೊರತೆಯೆನಿಸಿದರೆ ಇನ್ನೂ ದೊಡ್ಡ ಆಂಪ್ಲಿಫಯರು, ಆಗಲೂ ಕೊರತೆ ನೀಗದಿದ್ದರೆ ಬೆರಳುಗಾತ್ರದ, ರೇಷ್ಮೆ ಹೆಣಿಗೆಯ ದುಬಾರಿ ತಂತಿ. ಕೋಣೆಯ ಯೋಚನೆ ಕಟ್ಟಕಡೆಗೆ ಬರುತ್ತದೆ. ಎಷ್ಟೋ ವೇಳೆ ಬರುವುದೇ ಇಲ್ಲ. ಭೌತಶಾಸ್ತ್ರವು ಹೇಳುವ ಅನುಕ್ರಮವಾದರೋ ಇದಕ್ಕೆ ತೀರ ವಿರುದ್ಧವಾದುದು. ಮೊದಲು ಕೋಣೆ, ಆಮೇಲೆ ಕೋಣೆಯಲ್ಲಿ ಸ್ಪೀಕರಿನ ಮತ್ತು ಕೇಳುವವನ ಸ್ಥಾನ, ಅನಂತರ ಸ್ಪೀಕರು, ಅದಾದ ಮೇಲೆ ಆಂಪ್ಲಿಫಯರು, ಕೊನೆಯದಾಗಿ ತಂತಿ. ಈ ಅಭಿಪ್ರಾಯಕ್ಕೆ ಆಧಾರವೇನೆಂಬುದನ್ನು ವಾಚಕರ ಮುಂದಿಡುತ್ತೇನೆ. ಒಪ್ಪುವುದೂ ಬಿಡುವುದೂ ಅವರಿಗೆ ಸೇರಿದ್ದು.

ಸ್ಪೀಕರಿನಿಂದ ಹೊರಟ ಶಬ್ದ ನಮ್ಮ ಕಿವಿಯನ್ನು ಎರಡು ಬಗೆಯಲ್ಲಿ ತಲುಪುತ್ತದೆ. ಒಂದು ನೇರವಾದ ದಾರಿ. ಮತ್ತೊಂದು ಗೋಡೆ, ನೆಲ, ಚಾವಣಿಗಳಿಗೆ ಬಡಿದು ಹಿಂದಿರುಗುವ ಸುತ್ತುದಾರಿ. ನಮ್ಮ ಊರುಗಳ ಹವೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರು. ನಾಲ್ಕೂವರೆ ಮೀಟರು ಉದ್ದ, 3.6 ಮೀಟರು ಅಗಲ, 3 ಮೀಟರು ಎತ್ತರದ ಕೋಣೆಯೊಂದನ್ನು, ಅಂದರೆ ಹಳೆಯ ಅಳತೆಯಲ್ಲಿ ಹದಿನೈದಡಿಗೆ ಹನ್ನೆರಡಡಿಯ ಸಾಧಾರಣ ಹಜಾರವನ್ನು, ಉದಾಹರಣೆಗೆ ತೆಗೆದುಕೊಳ್ಳೋಣ. ಇಂಥ ಕೋಣೆಯಲ್ಲಿ ಶಬ್ದವು ಒಂದು ಗೋಡೆಯನ್ನು ಬಿಟ್ಟು ಇನ್ನೊಂದನ್ನು ಮುಟ್ಟುವ ಮುನ್ನ ಸರಾಸರಿ 2.4 ಮೀಟರು ಸಾಗುತ್ತದೆ. ಎಂದಮೇಲೆ ಒಂದೇ ಸೆಕೆಂಡಿನಲ್ಲಿ ಅದು ನೂರನಲವತ್ತಕ್ಕೂ ಹೆಚ್ಚು ಸಲ ಗೋಡೆಗಳಿಗೆ ಬಡಿಯುತ್ತದೆ. ಪ್ರತಿಯೊಂದು ಬಡಿತದಲ್ಲಿ ಗೋಡೆಯು ಎಷ್ಟು ಪಾಲನ್ನು ಹೀರಿಕೊಳ್ಳುತ್ತದೆ, ಎಷ್ಟನ್ನು ಹಿಂದಕ್ಕೆ ಕಳುಹಿಸುತ್ತದೆ ಎಂಬುದರ ಮೇಲೆ ನಾವು ಕೇಳುವುದೆಲ್ಲವೂ ನಿಂತಿದೆ.

ಈ ವಿಷಯವನ್ನು ಮೊಟ್ಟಮೊದಲಿಗೆ ಅಳತೆಗೆ ಒಳಪಡಿಸಿದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲೇಸ್ ಸಬೈನ್. 1895ರಲ್ಲಿ ಅಲ್ಲಿ ಹೊಸದಾಗಿ ಕಟ್ಟಿದ ಫಾಗ್ ಕಲಾಶಾಲೆಯ ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಒಂದೂ ತಿಳಿಯುತ್ತಿರಲಿಲ್ಲ. ಒಂದು ಶಬ್ದವನ್ನು ಉಚ್ಚರಿಸಿದರೆ ಅದರ ಮೊಳಗು ಐದೂವರೆ ಸೆಕೆಂಡಿನಷ್ಟು ಕಾಲ ಉಳಿದು, ಮುಂದೆ ಬರುವ ಹತ್ತಾರು ಶಬ್ದಗಳೊಡನೆ ಕಲಸಿಹೋಗುತ್ತಿತ್ತು. ದೋಷವನ್ನು ಪರಿಹರಿಸುವ ಭಾರ ಇಪ್ಪತ್ತೇಳು ವರ್ಷದ ಸಬೈನನ ಮೇಲೆ ಬಿತ್ತು. ಅವನು ಊರು ಮಲಗಿದ ಮೇಲೆ, ರಾತ್ರಿಯ ನಿಶ್ಶಬ್ದದಲ್ಲಿ, ಒಂದು ಆರ್ಗನ್ ಕೊಳವೆಯನ್ನು ಊದಿಸಿ ನಿಲ್ಲಿಸಿ, ಶಬ್ದವು ಅಡಗುವುದಕ್ಕೆ ಹಿಡಿಯುವ ಕಾಲವನ್ನು ಗಡಿಯಾರ ಹಿಡಿದು ಅಳೆದನು. ಹತ್ತಿರದ ಸ್ಯಾಂಡರ್ಸ್ ರಂಗಮಂದಿರದಿಂದ ಆಸನಗಳ ಮೆತ್ತೆಗಳನ್ನು ಹೊರಿಸಿ ತಂದು, ಕೆಲವನ್ನು ಇಟ್ಟು, ಮತ್ತೆ ಕೆಲವನ್ನು ಸೇರಿಸಿ, ಪ್ರತಿಸಲವೂ ಅಳೆದನು. ಬೆಳಗಾಗುವ ಮುಂಚೆ ಅವುಗಳನ್ನೆಲ್ಲ ಹಿಂದಿರುಗಿಸಬೇಕಾಗಿತ್ತು. ಈ ದುಡಿಮೆಯಿಂದ ಹೊರಬಿದ್ದ ನಿಯಮ ಅತ್ಯಂತ ಸರಳವಾದುದು. ಕೋಣೆಯ ಘನಗಾತ್ರವನ್ನು ಘನಮೀಟರಿನಲ್ಲಿ ಇಟ್ಟು, 0.161ರಿಂದ ಗುಣಿಸಿ, ಕೋಣೆಯಲ್ಲಿರುವ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನದ ಕಾಲ ಸೆಕೆಂಡುಗಳಲ್ಲಿ ಬರುತ್ತದೆ. ಶಬ್ದದ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಬೇಕಾಗುವ ಕಾಲವೇ ಅನುರಣನದ ಕಾಲ. 1900ರಲ್ಲಿ ಬಾಗಿಲು ತೆರೆದ ಬಾಸ್ಟನ್ ನಗರದ ಸಿಂಫನಿ ಸಭಾಂಗಣವು ಈ ನಿಯಮವನ್ನು ಅನುಸರಿಸಿ ಕಟ್ಟಿದ ಮೊದಲ ಸಂಗೀತ ಮಂದಿರ; ಇಂದಿಗೂ ಜಗತ್ತಿನ ಶ್ರೇಷ್ಠ ಸಭಾಂಗಣಗಳ ಸಾಲಿನಲ್ಲಿ ಅದರ ಹೆಸರಿದೆ.

ಹೀರಿಕೆಯನ್ನು ಅಳೆಯಲು ಸಬೈನ್ ಆರಿಸಿಕೊಂಡ ಮಾನವು ನಮಗೆ ವಿಶೇಷವಾಗಿ ರುಚಿಸಬೇಕಾದುದು. ಅದು ತೆರೆದ ಕಿಟಕಿ. ತೆರೆದ ಕಿಟಕಿಯತ್ತ ಹೋದ ಶಬ್ದ ಹೊರಬಯಲಿಗೆ ಹಾರಿಹೋಗುತ್ತದೆ, ಹಿಂದಿರುಗುವುದಿಲ್ಲ. ಆದುದರಿಂದ ಒಂದು ಚದರಮೀಟರು ತೆರೆದ ಕಿಟಕಿಯ ಹೀರಿಕೆಯನ್ನು ಒಂದು ಎಂದು ಎಣಿಸಬಹುದು. ಈ ಲೆಕ್ಕದಲ್ಲಿ ನೋಡಿದರೆ, ನಮ್ಮ ಹಿರಿಯರ ತೊಟ್ಟಿಯ ಮನೆಯ ನಡುಭಾಗವೆಲ್ಲ ಆಕಾಶಕ್ಕೆ ತೆರೆದಿಟ್ಟ ಒಂದು ದೊಡ್ಡ ಕಿಟಕಿಯೇ ಆಗಿತ್ತು. ಅಂಥ ಮನೆಯ ಪಡಸಾಲೆಯಲ್ಲಿ ಭಜನೆಯೋ ಹಾಡುಗಾರಿಕೆಯೋ ನಡೆದಾಗ ಶಬ್ದವು ಮೊಳಗಿ ಕಿವಿಗಡಚಿಕ್ಕುವ ಸಂಭವ ಕಡಿಮೆ.

ಈಗಿನ ಮನೆಯ ಸ್ಥಿತಿಯನ್ನು ನೋಡಿ. ಕಾಂಕ್ರೀಟಿನ ಚಾವಣಿ, ಇಟ್ಟಿಗೆಗೆ ನಯವಾಗಿ ಬಳಿದ ಸಿಮೆಂಟಿನ ಗಿಲಾವು, ಕನ್ನಡಿಯಂತೆ ಹೊಳೆಯುವ ಟೈಲ್ಸಿನ ನೆಲ, ಅಗಲವಾದ ಗಾಜಿನ ಕಿಟಕಿ. ಇವೆಲ್ಲವೂ ತಮ್ಮ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ಎರಡು ಮೂರು ಪಾಲನ್ನು ಮಾತ್ರ ಹೀರಿಕೊಂಡು ಉಳಿದುದನ್ನು ಹಿಂದಕ್ಕೆ ಎಸೆಯುವ ವಸ್ತುಗಳು. ಮೇಲೆ ಹೇಳಿದ ಕೋಣೆಯ ಘನಗಾತ್ರ 48.6 ಘನಮೀಟರು, ಆರು ಮೈಗಳ ಒಟ್ಟು ವಿಸ್ತಾರ 81 ಚದರಮೀಟರು. ನೂರಕ್ಕೆ ಮೂರರಂತೆ ಹೀರಿಕೆಯನ್ನು ಹಿಡಿದರೆ ಒಟ್ಟು 2.4 ಆಗುತ್ತದೆ. ಸಬೈನನ ಸೂತ್ರಕ್ಕೆ ಇವುಗಳನ್ನು ಹಾಕಿದರೆ ಅನುರಣನದ ಕಾಲ ಮೂರು ಸೆಕೆಂಡನ್ನು ಮೀರುತ್ತದೆ! ಸಂಗೀತ ಕೇಳುವ ಸಣ್ಣ ಕೋಣೆಗೆ ಹಿತವಾದುದು ಸುಮಾರು 0.3ರಿಂದ 0.5 ಸೆಕೆಂಡು. ಇಂಥ ಬರಿಗೋಡೆಯ ಕೋಣೆಯಲ್ಲಿ ಎಷ್ಟೇ ಬೆಲೆಯ ಸ್ಪೀಕರನ್ನಿಟ್ಟರೂ, ಮೃದಂಗದ ಒಂದು ಪೆಟ್ಟಿನ ಮೊಳಗು ಮುಂದಿನ ಹತ್ತು ಪೆಟ್ಟುಗಳ ಮೇಲೆ ಬಿದ್ದು ಲಯದ ಅಂಚನ್ನೆಲ್ಲ ಒರೆಸಿಹಾಕುತ್ತದೆ. ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಇದರ ಪರಿಹಾರವಾದರೋ ದುಬಾರಿಯಲ್ಲ. ಮಧ್ಯಮ ಸ್ವರಗಳ ಮಟ್ಟಿಗೆ ಒಂದು ಸ್ಥೂಲ ಲೆಕ್ಕ ಹಾಕೋಣ. ಕುಳಿತ ಒಬ್ಬ ಮನುಷ್ಯ ಸುಮಾರು ಅರ್ಧ ಚದರಮೀಟರು ತೆರೆದ ಕಿಟಕಿಗೆ ಸಮ. ನಾಲ್ವರು ಕುಳಿತರೆ ಎರಡು. ಒತ್ತಾದ ನೆರಿಗೆಗಳುಳ್ಳ ದಪ್ಪ ಪರದೆಯನ್ನು ಒಂದು ಗೋಡೆಗೆ ಇಳಿಬಿಟ್ಟರೆ ಎರಡೂವರೆ. ಎರಡು ಹತ್ತಿಯ ಹಾಸಿಗೆಗಳನ್ನು ಗೋಡೆಗೊರಗಿಸಿ ನಿಲ್ಲಿಸಿದರೆ ಮತ್ತೆ ಎರಡೂವರೆ. ನೆಲಕ್ಕೆ ಜಮಖಾನ, ಬಟ್ಟೆಯ ಹೊದಿಕೆಯ ಸೋಫಾ, ಪುಸ್ತಕಗಳಿಂದ ತುಂಬಿದ ತೆರೆದ ಕಪಾಟು, ಇವೆಲ್ಲ ಸೇರಿ ಐದಾರು. ಮೊದಲಿನ 2.4ರೊಡನೆ ಇವುಗಳನ್ನು ಕೂಡಿಸಿದರೆ ಒಟ್ಟು ಹದಿನೈದರ ಸಮೀಪಕ್ಕೆ ಬರುತ್ತದೆ. ಅನುರಣನ ಅರ್ಧ ಸೆಕೆಂಡಿಗೆ ಇಳಿಯುತ್ತದೆ. ಇದಕ್ಕೆ ಆಗುವ ಖರ್ಚು ಹೊಸ ಆಂಪ್ಲಿಫಯರಿನ ಖರ್ಚಿನ ಒಂದು ಅಲ್ಪ ಭಾಗ. ಕಿಟಕಿ ಬಾಗಿಲುಗಳನ್ನು ತೆರೆದಿಡುವುದಂತೂ ಪುಕ್ಕಟೆ. ಆದರೆ ಹೊರಗಿನ ಹಾರ್ನುಗಳ ಗದ್ದಲವೂ ಅದೇ ದಾರಿಯಿಂದ ಒಳಕ್ಕೆ ಬರುವುದಾದ್ದರಿಂದ, ಈ ಉಪಾಯ ಹಳ್ಳಿಯವರಿಗೂ ನಡುರಾತ್ರಿಗೂ ಮಾತ್ರ ಒಪ್ಪುವಂಥದು.

ಇಲ್ಲಿ ಎರಡು ತಪ್ಪು ಮದ್ದುಗಳ ವಿಷಯದಲ್ಲಿ ಎಚ್ಚರಿಕೆ ಹೇಳಬೇಕಾಗಿದೆ. ಗೋಡೆಗೆ ಥರ್ಮೋಕೋಲ್ ಹಲಗೆಗಳನ್ನು ಅಂಟಿಸುವುದು ಒಂದು. ಮೊಟ್ಟೆಯ ತಟ್ಟೆಗಳನ್ನು ಸಾಲಾಗಿ ಬಡಿಯುವುದು ಮತ್ತೊಂದು. ಶಬ್ದವನ್ನು ಹೀರಬೇಕಾದರೆ ಗಾಳಿಯು ವಸ್ತುವಿನ ಒಳಹೊಕ್ಕು, ಎಳೆಗಳ ನಡುವೆ ತಿಕ್ಕಾಡಿ, ತನ್ನ ಚಲನೆಯ ಶಕ್ತಿಯನ್ನು ಶಾಖವಾಗಿ ಕಳೆದುಕೊಳ್ಳಬೇಕು. ಥರ್ಮೋಕೋಲಿನ ಗುಳ್ಳೆಗಳೆಲ್ಲವೂ ಮುಚ್ಚಿದವು. ಗಾಳಿಗೆ ಅಲ್ಲಿ ಪ್ರವೇಶವಿಲ್ಲ. ಮೊಟ್ಟೆಯ ತಟ್ಟೆಯಲ್ಲಿ ಹೀರುವ ದಪ್ಪವಿಲ್ಲ. ಹತ್ತಿ, ಉಣ್ಣೆ, ತೆಂಗಿನ ನಾರು, ಗಾಜಿನ ಎಳೆಯ ಒತ್ತುಹಲಗೆ, ಇಂಥ ನಾರಿನ ವಸ್ತುಗಳೇ ಈ ಕೆಲಸಕ್ಕೆ ತಕ್ಕವು.

ಇಷ್ಟರಿಂದಲೇ ಕೋಣೆ ಸರಿಹೋಯಿತೆಂದು ತಿಳಿಯಲಾಗದು. ತಗ್ಗಿನ ಸ್ವರಗಳ ಸಮಸ್ಯೆ ಬೇರೆಯದು ಮತ್ತು ಹೆಚ್ಚು ಕಠಿಣವಾದುದು. ಬಚ್ಚಲುಮನೆಯಲ್ಲಿ ಹಾಡಿಕೊಳ್ಳುವವರೆಲ್ಲರಿಗೂ ಅದು ಅನುಭವದಿಂದ ಗೊತ್ತು: ಯಾವುದೋ ಒಂದು ಸ್ವರಕ್ಕೆ ಬಂದಾಗ ಕೋಣೆಯೇ ಜೊತೆಗೂಡಿ ಹಾಡಿದಂತೆ ದನಿ ತುಂಬಿಬರುತ್ತದೆ. ಎದುರುಬದುರಾದ ಎರಡು ಗೋಡೆಗಳ ನಡುವಣ ಅಂತರವು ಒಂದು ಶಬ್ದದ ಅಲೆಯುದ್ದದಲ್ಲಿ ಸರಿಯಾಗಿ ಅರ್ಧವಾದಾಗ, ಹೋಗುವ ಅಲೆಯೂ ಬರುವ ಅಲೆಯೂ ಒಂದರಮೇಲೊಂದು ಕೂಡಿ ನಿಂತ ಅಲೆಯಾಗುತ್ತವೆ. ಇದೇ ಅನುನಾದ. ನಮ್ಮ ಉದಾಹರಣೆಯ ಕೋಣೆಯಲ್ಲಿ ಉದ್ದದ ಗೋಡೆಗಳ ನಡುವೆ ಇದು ಸೆಕೆಂಡಿಗೆ 38 ಕಂಪನಗಳಲ್ಲಿಯೂ, ಅಗಲದಲ್ಲಿ 48ರಲ್ಲಿಯೂ, ಎತ್ತರದಲ್ಲಿ ಸುಮಾರು 58ರಲ್ಲಿಯೂ ಉಂಟಾಗುತ್ತದೆ. ಉದ್ದ ಮತ್ತು ಎತ್ತರಗಳೆರಡೂ ಕೂಡಿ ಇನ್ನೊಂದು ಅನುನಾದವನ್ನು 69ರಲ್ಲಿ ಹುಟ್ಟಿಸುತ್ತವೆ. ಹಾರ್ಮೋನಿಯಮ್ಮಿನ ಸಪ್ತಕದ ಮೊದಲ ಕಪ್ಪು ಮನೆಯನ್ನು ಷಡ್ಜವಾಗಿಟ್ಟುಕೊಂಡು ಹಾಡುವ ಗಾಯಕನ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿಯ ಮೂಲ ಕಂಪನವೂ ಹೆಚ್ಚುಕಡಿಮೆ ಅಷ್ಟೇ! ಅದೇ ಗಾಯಕನು ಶ್ರುತಿಯನ್ನು ಅರ್ಧ ಸ್ವರ ಇಳಿಸಿಕೊಂಡು ಹಾಡಿದ ಮತ್ತೊಂದು ಧ್ವನಿಮುದ್ರಣವನ್ನು ಹಾಕಿದರೆ ಕೋಣೆಯು ಅದೇ ಬಗೆಯಲ್ಲಿ ಓಗೊಡುವುದಿಲ್ಲ. ಕೇಳುವವನು ವ್ಯತ್ಯಾಸವನ್ನು ಧ್ವನಿಮುದ್ರಣದ ತಲೆಗೋ ಆಂಪ್ಲಿಫಯರಿನ ತಲೆಗೋ ಕಟ್ಟುತ್ತಾನೆ.

ತಬಲದ ಡಗ್ಗಾವನ್ನು ಅಂಗೈಯಿಂದ ಒತ್ತುತ್ತ ನಾದವನ್ನು ಜಾರಿಸುವ ಕುಶಲತೆಯನ್ನು ನೆನೆಯಿರಿ. ಆ ಜಾರುವಿಕೆಯುದ್ದಕ್ಕೂ ಕೋಣೆಯು ಒಂದು ಸ್ವರವನ್ನು ಎತ್ತಿ ಹಿಡಿದು, ಪಕ್ಕದ ಸ್ವರವನ್ನು ನುಂಗಿಹಾಕಿದರೆ, ಕಲಾವಿದನು ಬಿಡಿಸಿದ ರೇಖೆಯಲ್ಲಿ ಉಳಿಯುವುದೇನು? ನಮ್ಮ ಚರ್ಮವಾದ್ಯಗಳ ನಾದವು ಎಂಥ ಅಪೂರ್ವ ವಸ್ತುವೆಂಬುದನ್ನು ತೋರಿಸಿಕೊಟ್ಟವರು ಸರ್ ಸಿ. ವಿ. ರಾಮನ್. ಸಾಮಾನ್ಯ ತಮಟೆಯ ಮೇಲ್ಸ್ವರಗಳು ಮೂಲಸ್ವರಕ್ಕೆ ಹೊಂದದೆ ಕರ್ಕಶವಾಗಿರುತ್ತವೆ. ಮೃದಂಗ ತಬಲಗಳ ಬಲಮುಖಕ್ಕೆ ಮೆತ್ತಿದ ಕರಣೆಯ ಭಾರದಿಂದ ಆ ಮೇಲ್ಸ್ವರಗಳು ಒಂದು, ಎರಡು, ಮೂರು ಎಂಬ ಪೂರ್ಣಸಂಖ್ಯೆಗಳ ಅನುಪಾತಕ್ಕೆ ಬಂದು, ತಂತಿವಾದ್ಯದಂತೆ ಶ್ರುತಿಬದ್ಧವಾಗುತ್ತವೆ. ಇದನ್ನು ರಾಮನ್ನರು 1920ರಲ್ಲಿ ಮೊದಲು ಪ್ರಕಟಿಸಿದರು. 1934ರಲ್ಲಿ, ತಾವೇ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿಸ್ತರಿಸಿ ಬರೆದರು. ಪದರದ ಮೇಲೆ ಪದರವಾಗಿ ಕರಣೆಯನ್ನು ತಿಕ್ಕಿ, ತಾಳ್ಮೆಯಿಂದ ನಾದವನ್ನು ಕೂಡಿಸಿದ ಕೆಲಸಗಾರನ ಶ್ರಮವನ್ನು ಅನುನಾದದ ಕೋಣೆಯೊಂದು ಕ್ಷಣದಲ್ಲಿ ಕೆಡಿಸುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ!

ಈ ತಗ್ಗಿನ ಸ್ವರಗಳ ಮೇಲೆ ಪರದೆ ಹಾಸಿಗೆಗಳ ಆಟ ನಡೆಯುವುದಿಲ್ಲ. ನಾರಿನ ವಸ್ತುವು ಅಲೆಯುದ್ದದ ಕಾಲುಭಾಗದಷ್ಟು ದಪ್ಪವಿದ್ದಾಗ ಚೆನ್ನಾಗಿ ಹೀರುತ್ತದೆ. 40 ಕಂಪನಗಳ ಶಬ್ದದ ಅಲೆಯುದ್ದ ಎಂಟೂವರೆ ಮೀಟರಿಗೂ ಹೆಚ್ಚು. ಅದರ ಕಾಲುಭಾಗವೆಂದರೆ ಎರಡು ಮೀಟರು ದಪ್ಪ. ಅಷ್ಟು ಹತ್ತಿಯನ್ನು ತುಂಬಿದರೆ ಕೋಣೆಯಲ್ಲಿ ಸಂಗೀತಕ್ಕೂ ಜಾಗವಿರಲಾರದು. ಮೇಲಾಗಿ, ಪರದೇಶದ ಪತ್ರಿಕೆಗಳು ನೀಡುವ ಸಲಹೆಯನ್ನು ಇಲ್ಲಿ ಯಥಾವತ್ತಾಗಿ ಪಾಲಿಸಲಾಗದು ಎಂಬುದನ್ನೂ ನೆನಪಿನಲ್ಲಿಡಬೇಕು. ಅಮೆರಿಕದ ಹೆಚ್ಚಿನ ಮನೆಗಳ ಗೋಡೆಗಳು ಮರದ ಚೌಕಟ್ಟಿಗೆ ಬಡಿದ ತೆಳುವಾದ ಜಿಪ್ಸಮ್ ಹಲಗೆಗಳು. ಅವು ತಗ್ಗಿನ ಸ್ವರಕ್ಕೆ ತಾವೇ ಅಲುಗಾಡಿ ಸ್ವಲ್ಪ ಶಕ್ತಿಯನ್ನು ನುಂಗುತ್ತವೆ, ಸ್ವಲ್ಪವನ್ನು ಹೊರಕ್ಕೆ ಬಿಡುತ್ತವೆ. ನಮ್ಮ ಇಟ್ಟಿಗೆ ಕಾಂಕ್ರೀಟುಗಳ ಕೋಣೆ ಅಲುಗದು. ಒಳಗೆ ಸಿಕ್ಕಿದ ತಗ್ಗಿನ ಶಬ್ದವನ್ನು ಬಿಗಿಯಾಗಿ ಹಿಡಿದಿಡುತ್ತದೆ. ಹಳೆಯ ಮನೆಗಳ ಮರದ ಅಟ್ಟವೂ ಹಲಗೆಯ ಗೋಡೆಯೂ ಈ ದೃಷ್ಟಿಯಿಂದ ಉಪಕಾರಿಗಳಾಗಿದ್ದವು.

ಆದುದರಿಂದ ತಗ್ಗಿನ ಸ್ವರಗಳಿಗೆ ಸ್ಥಾನವನ್ನು ಆರಿಸಿಕೊಳ್ಳುವುದೇ ಮುಖ್ಯ ಮದ್ದು. ಕೋಣೆಯ ಉದ್ದ, ಅಗಲ, ಎತ್ತರಗಳಲ್ಲಿ ಯಾವ ಎರಡೂ ಸಮವಾಗಿರಬಾರದು. ಸಮವಾದರೆ ಎರಡು ಅನುನಾದಗಳು ಒಂದೇ ಸ್ವರದ ಮೇಲೆ ಕೂಡಿ ಬೀಳುತ್ತವೆ. ಮನೆ ಕಟ್ಟಿಸುವವರು ಇದನ್ನು ನಕ್ಷೆಯಲ್ಲಿಯೇ ಗಮನಿಸಬಹುದು. ಕಟ್ಟಿದ ಕೋಣೆಯಲ್ಲಿ ಕೇಳುವವನು ಹಿಂದಿನ ಗೋಡೆಗೆ ಒರಗಿ ಕುಳಿತರೆ ಎಲ್ಲ ಅನುನಾದಗಳೂ ಗರಿಷ್ಠ ಒತ್ತಡದಿಂದ ಕಿವಿಗೆ ಬಡಿಯುತ್ತವೆ. ನಟ್ಟನಡುವೆ ಕುಳಿತರೆ ಮೊದಲ ಅನುನಾದದ ಒತ್ತಡ ಅಲ್ಲಿ ಸೊನ್ನೆಯಾದ್ದರಿಂದ ಆ ಸ್ವರವೇ ಕೇಳಿಸದು. ಈ ಎರಡರ ನಡುವಣ ಜಾಗವನ್ನು ಅರಸಬೇಕು. ಕುರ್ಚಿಯನ್ನು ಅರ್ಧ ಮೀಟರು ಮುಂದಕ್ಕೆ ಎಳೆಯುವುದರಿಂದ ಆಗುವ ಬದಲಾವಣೆ ಆಂಪ್ಲಿಫಯರನ್ನು ಬದಲಾಯಿಸಿದಾಗ ಆಗುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಇದಕ್ಕೆ ತೆರಬೇಕಾದ ಬೆಲೆ ಕುರ್ಚಿಯನ್ನು ಎಳೆಯುವ ಶ್ರಮ ಮಾತ್ರ.

ಸ್ಪೀಕರಿನ ಸ್ಥಾನಕ್ಕೂ ಇದೇ ಮಾತು. ಗೋಡೆಯಿಂದ 60 ಸೆಂಟಿಮೀಟರು ಮುಂದಿರುವ ಸ್ಪೀಕರಿನ ಶಬ್ದ ಹಿಂದಿನ ಗೋಡೆಗೆ ಹೋಗಿ ಬರುವಷ್ಟರಲ್ಲಿ 1.2 ಮೀಟರು ಹಿಂದೆ ಬಿದ್ದಿರುತ್ತದೆ. 144 ಕಂಪನಗಳ ಸ್ವರಕ್ಕೆ ಇದು ಅರ್ಧ ಅಲೆ. ನೇರ ಶಬ್ದವೂ ಹಿಂದಿರುಗಿದ ಶಬ್ದವೂ ಒಂದನ್ನೊಂದು ಅಳಿಸುತ್ತವೆ. ಪುರುಷ ಗಾಯಕನ ಷಡ್ಜದ ಆಸುಪಾಸಿನಲ್ಲಿಯೇ ಈ ಹಳ್ಳ ಬೀಳುವುದನ್ನು ಗಮನಿಸಿರಿ. ಮೂಲೆಗೆ ತಳ್ಳಿದರೆ ತಗ್ಗಿನ ಸ್ವರಗಳು ಉಬ್ಬಿ ಗೊಗ್ಗರಾಗುತ್ತವೆ. ಹಿಂದಿನ ಗೋಡೆಯಿಂದ ಇರುವ ದೂರವೂ ಪಕ್ಕದ ಗೋಡೆಯಿಂದ ಇರುವ ದೂರವೂ ಒಂದೇ ಆಗದಂತೆ ಇಟ್ಟು, ಸ್ವಲ್ಪ ಸ್ವಲ್ಪವಾಗಿ ಸರಿಸುತ್ತ ಕೇಳಬೇಕು. ಇಂಗ್ಲೆಂಡಿನ ಅಲನ್ ಬ್ಲೂಮ್‌ಲೈನ್ 1931ರಲ್ಲಿ ಸ್ವಾಮ್ಯಪತ್ರಕ್ಕೆ ಅರ್ಜಿ ಹಾಕಿದ ಎರಡು ಸ್ಪೀಕರುಗಳ ಸ್ಟೀರಿಯೋ ಪದ್ಧತಿ ಸಫಲವಾಗಬೇಕಾದರೆ, ಎರಡು ಸ್ಪೀಕರುಗಳೂ ಕೇಳುವವನೂ ಒಂದು ಸಮಬಾಹು ತ್ರಿಭುಜದ ಮೂರು ಮೂಲೆಗಳಲ್ಲಿರುವುದು ಒಳ್ಳೆಯದು. ಪಕ್ಕದ ಗೋಡೆಯಿಂದ ಮೊದಲ ಪ್ರತಿಫಲನ ಎಲ್ಲಿಂದ ಬರುತ್ತದೆಂದು ತಿಳಿಯಲು ಶಾಲೆಯಲ್ಲಿ ಕಲಿತ ಪ್ರತಿಫಲನದ ನಿಯಮ ಸಾಕು. ಒಬ್ಬರು ಗೋಡೆಯುದ್ದಕ್ಕೂ ಒಂದು ಕನ್ನಡಿಯನ್ನು ಸರಿಸುತ್ತ ಹೋಗಲಿ. ಕುಳಿತವನಿಗೆ ಕನ್ನಡಿಯಲ್ಲಿ ಸ್ಪೀಕರು ಕಂಡ ಜಾಗವೇ ಆ ಜಾಗ. ಹಾಸಿಗೆಯನ್ನೋ ಪುಸ್ತಕದ ಕಪಾಟನ್ನೋ ಅಲ್ಲಿ ಇಡಬೇಕು.

ಇನ್ನೊಂದು ಸೂಕ್ಷ್ಮ ನಮ್ಮವರಿಗೆ ಮಾತ್ರ ಸಂಬಂಧಪಟ್ಟದ್ದು. ಸ್ಪೀಕರಿನ ಕಾಲುಮಣೆಗಳನ್ನು ಕುರ್ಚಿಯ ಮೇಲೆ ಕೂರುವವನ ಕಿವಿಯ ಎತ್ತರಕ್ಕೆ, ಎಂದರೆ ಸುಮಾರು ಒಂದು ಮೀಟರಿಗೆ, ಹೊಂದಿಸಿ ತಯಾರಿಸಿರುತ್ತಾರೆ. ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತವನ ಕಿವಿ ಅದಕ್ಕಿಂತ ಒಂದು ಗೇಣು ಕೆಳಗಿರುತ್ತದೆ. ಮೇಲಿನ ಸ್ವರಗಳನ್ನು ಹೊರಡಿಸುವ ಚಿಕ್ಕ ಸ್ಪೀಕರಿನ ಶಬ್ದ ಟಾರ್ಚಿನ ಬೆಳಕಿನಂತೆ ಮುಂದಕ್ಕೆ ಹೆಚ್ಚಾಗಿ ಹರಿಯುವುದರಿಂದ, ಕಾಲುಮಣೆಯನ್ನು ತಗ್ಗಿಸಬೇಕು. ಇಲ್ಲವೆ ಪೆಟ್ಟಿಗೆಯನ್ನು ಕೊಂಚ ಮುಂದಕ್ಕೆ ಬಾಗಿಸಬೇಕು.

ಈಗ ಆಂಪ್ಲಿಫಯರಿನ ವಿಚಾರ. ಇದನ್ನು ಅಲಕ್ಷ್ಯದಿಂದ ಕಾಣಬೇಕೆಂದು ನಾನು ಹೇಳಲಾರೆ. 1927ರಲ್ಲಿ ಹೆರಾಲ್ಡ್ ಬ್ಲ್ಯಾಕ್ ಎಂಬ ಅಮೆರಿಕದ ಎಂಜಿನಿಯರು ಹಡ್ಸನ್ ನದಿಯನ್ನು ದಾಟುವ ದೋಣಿಯಲ್ಲಿ, ಕೈಲಿದ್ದ ವೃತ್ತಪತ್ರಿಕೆಯ ಹಾಳೆಯ ಮೇಲೆ ಋಣ ಮರುಪೂರಣದ ಚಿತ್ರವನ್ನು ಗೀಚಿದನು. ಹೊರಬರುವ ಸಂಕೇತದ ಒಂದು ಅಂಶವನ್ನು ಒಳಕ್ಕೆ ತಿರುಗಿಸಿ ಕಳೆದು ದೋಷವನ್ನು ತಗ್ಗಿಸುವ ಆ ಉಪಾಯದಿಂದ ಆಂಪ್ಲಿಫಯರಿನ ವಿದ್ಯೆ ಪರಿಪಕ್ವವಾಯಿತು. ಇಂದು ಮಿತವಾದ ಬೆಲೆಯ ಒಳ್ಳೆಯ ಆಂಪ್ಲಿಫಯರಿನಲ್ಲಿಯೂ ವಿಕೃತಿ ನೂರಕ್ಕೆ 0.01 ಪಾಲಿಗಿಂತ ಕಡಿಮೆಯಿರುವುದು ಸಾಮಾನ್ಯ. ಆದರೆ ಸ್ಪೀಕರು ಇನ್ನೂ 1925ರಲ್ಲಿ ರೈಸ್ ಮತ್ತು ಕೆಲಾಗ್ ವಿವರಿಸಿದ ತತ್ವದ ಮೇಲೆಯೇ, ಅಯಸ್ಕಾಂತದ ನಡುವೆ ಕುಣಿಯುವ ಸುರುಳಿ ಮತ್ತು ಶಂಕುವಿನಿಂದಲೇ, ನಡೆಯುತ್ತದೆ. ತಗ್ಗಿನ ಸ್ವರಗಳಲ್ಲಿ ಅದರ ವಿಕೃತಿ ಆಂಪ್ಲಿಫಯರಿನದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಅದಕ್ಕೆ ಕೊಟ್ಟ ವಿದ್ಯುಚ್ಛಕ್ತಿಯಲ್ಲಿ ನೂರಕ್ಕೆ ಒಂದು ಪಾಲೂ ಶಬ್ದವಾಗುವುದು ಅಪರೂಪ, ಉಳಿದುದೆಲ್ಲ ಶಾಖ. ಸರಪಳಿಯ ಗಟ್ಟಿಯಾದ ಕೊಂಡಿಯನ್ನು ಇನ್ನಷ್ಟು ಗಟ್ಟಿಮಾಡುವುದರಿಂದ ಸರಪಳಿಗೆ ಬಲ ಬರುವುದಿಲ್ಲ.

ವಾಟುಗಳ ಲೆಕ್ಕವನ್ನೂ ನೋಡಿರಿ. ಸಾಧಾರಣ ಸ್ಪೀಕರೊಂದು ಒಂದು ವಾಟಿಗೆ, ಒಂದು ಮೀಟರು ದೂರದಲ್ಲಿ, 87 ಡೆಸಿಬೆಲ್ ಶಬ್ದ ಕೊಡುತ್ತದೆ. ಮನೆಯಲ್ಲಿ ಹಿತವಾಗಿ ಕೇಳಲು ಇಷ್ಟು ಧಾರಾಳ. ವಾದ್ಯದ ಹಠಾತ್ ಏರುಗಳಿಗಾಗಿ ಮೀಸಲು ಬೇಕೆಂಬುದು ನಿಜ. ಅದಕ್ಕಾಗಿ ಐವತ್ತು ವಾಟಿರಲಿ. ಐವತ್ತನ್ನು ನೂರಕ್ಕೆ ಏರಿಸಿದರೆ ದೊರೆಯುವುದು ಮೂರು ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಎನಿಸಬೇಕಾದರೆ ಶಕ್ತಿಯು ಸುಮಾರು ಹತ್ತುಪಟ್ಟು ಹೆಚ್ಚಬೇಕು. ತಂತಿಯ ಮಾತಂತೂ ಇನ್ನೂ ಸರಳ. ಮನೆಯ ದೊಡ್ಡ ಪ್ಲಗ್ಗುಗಳಿಗೆ ಹಾಕುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಐದು ಮೀಟರು ದೂರಕ್ಕೆ ಎಳೆದರೆ, ಹೋಗುವುದೂ ಬರುವುದೂ ಸೇರಿ ಅದರ ರೋಧ ಸುಮಾರು 0.07 ಓಮ್. ಎಂಟು ಓಮ್ ಸ್ಪೀಕರಿನ ಎದುರಿಗೆ ಇದರಿಂದಾಗುವ ನಷ್ಟ ಒಂದು ಡೆಸಿಬೆಲ್ಲಿನ ಹತ್ತನೆಯ ಒಂದು ಪಾಲಿಗೂ ಕಡಿಮೆ. ಇದಕ್ಕಿಂತ ಸಾವಿರಪಟ್ಟು ಬೆಲೆಯ ತಂತಿಯು ಸರಿಪಡಿಸುವುದಾದರೂ ಏನನ್ನು?

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ಗೌರವಕ್ಕೆ ಅರ್ಹವಾದುದು. “ಸಂಗೀತ ಅಂಕಿಗಳಲ್ಲಿ ಇಲ್ಲ, ಕಿವಿಯೇ ಅಂತಿಮ ನ್ಯಾಯಾಧೀಶ. ನನ್ನ ಕಿವಿಗೆ ವ್ಯತ್ಯಾಸ ಕೇಳಿಸುತ್ತದೆ” ಎಂದು ಅನೇಕ ರಸಿಕರು ಹೇಳುತ್ತಾರೆ. ಕಿವಿಯೇ ನ್ಯಾಯಾಧೀಶನೆಂಬುದನ್ನು ನಾನೂ ಒಪ್ಪುತ್ತೇನೆ. ಹಾಗಾದರೆ ನ್ಯಾಯ ಹೇಳುವಾಗ ಕಿವಿ ಮಾತ್ರ ಇರಬೇಕು. ಕಣ್ಣೂ ಬೆಲೆಯ ಚೀಟಿಯೂ ಪಕ್ಕದಲ್ಲಿ ಕುಳಿತು ಪಿಸುಗುಟ್ಟಬಾರದು. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಸಂಶೋಧಕರು ಒಂದೇ ಸ್ಪೀಕರುಗಳನ್ನು ಒಂದೇ ಜನರಿಗೆ, ಒಮ್ಮೆ ಪರದೆಯ ಹಿಂದಿಟ್ಟು, ಮತ್ತೊಮ್ಮೆ ಕಣ್ಣೆದುರಿಗಿಟ್ಟು ಕೇಳಿಸಿ ಅಭಿಪ್ರಾಯ ಪಡೆದ ಪ್ರಯೋಗವನ್ನು ಪ್ರಕಟಿಸಿದರು. ಸ್ಪೀಕರು ಕಾಣುತ್ತಿದ್ದಾಗ ಅದರ ಗಾತ್ರವೂ ಹೆಸರೂ ತೀರ್ಪನ್ನು ಬದಲಿಸಿದವು. ಅಷ್ಟೇ ಅಲ್ಲದೆ, ಸ್ಪೀಕರನ್ನು ಕೋಣೆಯಲ್ಲಿ ಬೇರೆ ಜಾಗಕ್ಕೆ ಸರಿಸಿದಾಗ ನಿಜವಾಗಿ ಉಂಟಾದ ವ್ಯತ್ಯಾಸವನ್ನು ಕಣ್ಣುಬಿಟ್ಟು ಕೇಳಿದವರು ಅಷ್ಟಾಗಿ ಗುರುತಿಸಲಿಲ್ಲ. ಪರದೆಯ ಮುಂದೆ ಅದೇ ಜನ ಗುರುತಿಸಿದರು. ಕಣ್ಣು ಇಲ್ಲದ್ದನ್ನು ಕೇಳಿಸಿತು, ಇದ್ದದ್ದನ್ನು ಮರೆಮಾಡಿತು.

ಇಂಥ ಪರೀಕ್ಷೆಯನ್ನು ಮನೆಯಲ್ಲಿಯೂ ಮಾಡಬಹುದು. ಎರಡು ಆಂಪ್ಲಿಫಯರುಗಳ ಶಬ್ದದ ಮಟ್ಟವನ್ನು ಮೀಟರಿನಿಂದ ಸಮಮಾಡುವುದು ಮೊದಲ ಕೆಲಸ. ಏಕೆಂದರೆ ಶಬ್ದದ ಮಟ್ಟ ಏರಿದಂತೆಲ್ಲ ತಗ್ಗಿನ ಸ್ವರಗಳು ಕಿವಿಗೆ ಹೆಚ್ಚು ತುಂಬಿ ಕೇಳಿಸುತ್ತವೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದ್ದಾರೆ. ಕೊಂಚ ಜೋರಾದುದೇ ಉತ್ತಮವೆನಿಸುವುದು ಸಹಜ. ಅನಂತರ ಮನೆಯವರೊಬ್ಬರು ಒಂದು ನಾಣ್ಯವನ್ನು ಚಿಮ್ಮಿ, ಬಿದ್ದ ಮುಖಕ್ಕೆ ತಕ್ಕಂತೆ ಒಂದು ಆಂಪ್ಲಿಫಯರನ್ನು ಜೋಡಿಸಲಿ. ಯಾವುದೆಂಬುದನ್ನು ಕೇಳುವವನಿಗೆ ತಿಳಿಸಬಾರದು. ಹತ್ತು ಸಲ ಹೀಗೆ ನಡೆಯಲಿ. ಐದಾರು ಸಲ ಸರಿಯಾಗಿ ಹೇಳಿದರೆ ಅದು ನಾಣ್ಯವೂ ಹೇಳಬಲ್ಲ ಉತ್ತರ. ಒಂಬತ್ತು ಅಥವಾ ಹತ್ತು ಸರಿಯಾದರೆ, ಬರಿಯ ಆಕಸ್ಮಿಕದಿಂದ ಹಾಗಾಗುವ ಸಂಭವ ನೂರಕ್ಕೆ ಒಂದರಷ್ಟೇ ಆದ್ದರಿಂದ, ವ್ಯತ್ಯಾಸ ನಿಜವೆಂದು ನಂಬಬಹುದು. ಆಗ ಆ ಆಂಪ್ಲಿಫಯರನ್ನು ನಿಶ್ಚಿಂತೆಯಿಂದ ಕೊಳ್ಳಿರಿ. ಸಾಲಮಾಡಿ ಕೊಳ್ಳುವವನಿಗಂತೂ ಈ ಅರ್ಧ ಗಂಟೆಯ ಶ್ರಮ ದೊಡ್ಡದಲ್ಲ. ಇಂಥ ಪರೀಕ್ಷೆಗೆ ಅವಕಾಶ ಕೊಡದ ಅಂಗಡಿಯಿಂದ ಎದ್ದುಬರುವುದೇ ಲೇಸು.

ಎರಡನೆಯ ಆಕ್ಷೇಪಣೆ ವ್ಯವಹಾರದ್ದು. ಬಾಡಿಗೆಯ ಮನೆಯವರು, ಮಕ್ಕಳು ಮರಿಗಳಿರುವವರು, ಇರುವ ಒಂದೇ ಹಜಾರದಲ್ಲಿ ಊಟ, ಓದು, ಅತಿಥಿಸತ್ಕಾರಗಳನ್ನೆಲ್ಲ ನಡೆಸುವವರು ಕೋಣೆಯನ್ನು ಹೇಗೆ ಮಾರ್ಪಡಿಸಿಯಾರು? ಈ ತೊಡಕು ನಿಜವಾದುದೇ. ಕಂಪ್ಯೂಟರಿನ ಲೆಕ್ಕದಿಂದ ಕೋಣೆಯ ದೋಷವನ್ನು ಅಳೆದು ಸಂಕೇತವನ್ನು ತಿದ್ದುವ ಸಾಧನಗಳು ಈಗ ಬಂದಿವೆ. ಕುಳಿತ ಜಾಗದಲ್ಲಿ ಉಬ್ಬಿದ ತಗ್ಗಿನ ಸ್ವರವನ್ನು ಇಳಿಸುವುದರಲ್ಲಿ ಅವು ಬಹಳ ಪ್ರಯೋಜನಕಾರಿ. ಆ ಹಣವನ್ನು ನಾನು ಸಾರ್ಥಕವೆಂದು ಎಣಿಸುತ್ತೇನೆ. ಆದರೆ ಅಲೆಗಳು ಒಂದನ್ನೊಂದು ಅಳಿಸಿಕೊಂಡ ಜಾಗಕ್ಕೆ ಎಷ್ಟು ಶಕ್ತಿ ಸುರಿದರೂ ಹಳ್ಳ ತುಂಬುವುದಿಲ್ಲ. ಮೂರು ಸೆಕೆಂಡಿನ ಅನುರಣನವನ್ನು ಯಾವ ಕಂಪ್ಯೂಟರೂ ಅರ್ಧ ಸೆಕೆಂಡಿಗೆ ಇಳಿಸಲಾರದು. ಅದನ್ನು ಪರದೆಯೂ ಹಾಸಿಗೆಯೂ ಪುಸ್ತಕವೂ ಮಾಡಬಲ್ಲವು. ಇವು ಸಂಸಾರಸ್ಥರ ಮನೆಯಲ್ಲಿ ಹೇಗೂ ಇರತಕ್ಕ ವಸ್ತುಗಳೇ. ಇರಬೇಕಾದ ಜಾಗದಲ್ಲಿ ಇಡುವುದಷ್ಟೇ ಉಳಿದ ಕೆಲಸ.

ಮೈಸೂರಿನ ದೊರೆ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದ ಮಹಾರಸಿಕರಾಗಿದ್ದರು. 1940ರ ದಶಕದ ಕೊನೆಯಲ್ಲಿ ರಷ್ಯದ ಸಂಗೀತರಚಕ ಮೆಡ್ಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದವರು ಅವರೇ. ಅರಮನೆಯಲ್ಲಿ ಭಾರಿಯ ಧ್ವನಿಮುದ್ರಿಕೆಗಳ ಭಂಡಾರವೂ ಬಗೆಬಗೆಯ ಸ್ಪೀಕರುಗಳೂ ಇದ್ದುವೆಂದು, ಅಲ್ಲಿಗೆ ಅತಿಥಿಯಾಗಿ ಬಂದ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಬರೆದಿಟ್ಟಿದ್ದಾನೆ. ಅರಮನೆಯ ಅಂಗಣಗಳು ವಿಶಾಲ. ಅಲ್ಲಿನ ಅನುನಾದಗಳು ಕಿವಿಗೆ ಎಟುಕದಷ್ಟು ತಗ್ಗಿನಲ್ಲಿ ಆರಂಭವಾಗುತ್ತವೆ. ನಮ್ಮ ಹದಿನೈದಡಿಯ ಹಜಾರಗಳಲ್ಲಿ ಅವು ಸಂಗೀತದ ನಡುವೆಯೇ ಬಂದು ಕೂರುತ್ತವೆ. ಆದಕಾರಣ ಅರಸರಿಗಿಂತ ನಮಗೆ ಕೋಣೆಯ ವಿಚಾರ ಹೆಚ್ಚು ಅಗತ್ಯ. ಅವರಿಗಿಂತ ನಮ್ಮಲ್ಲಿ ಹಣ ಕಡಿಮೆಯೆಂಬ ಕಾರಣದಿಂದ ಇನ್ನಷ್ಟು ಅಗತ್ಯ.

ಕಾಲೇಜಿನಲ್ಲಿ ಅಲೆಗಳ ಪಾಠವನ್ನು ಹೇಳುವ ನನಗೆ ಒಂದು ಸಂಗತಿ ಸದಾ ಸೋಜಿಗವನ್ನುಂಟುಮಾಡುತ್ತದೆ. ನಿಂತ ಅಲೆಯ ಸೂತ್ರವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದ ವಿದ್ಯಾರ್ಥಿಯೇ ಮುಂದೆ ಸಂಪಾದನೆಗೆ ತೊಡಗಿ ಸ್ಪೀಕರು ಕೊಳ್ಳುವಾಗ, ಆ ಸೂತ್ರವನ್ನು ಕಾಲೇಜಿನ ಬಾಗಿಲಲ್ಲಿಯೇ ಬಿಟ್ಟು, ಜಾಹೀರಾತಿನ ಮಾತಿಗೆ ತಲೆಬಾಗುತ್ತಾನೆ. ವಿಜ್ಞಾನವನ್ನು ಕಲಿತುದರ ಫಲ ಉದ್ಯೋಗವೊಂದೇ ಆಗಬಾರದು; ತನ್ನ ಮನೆಯಲ್ಲಿ, ತನ್ನ ಹಣದಿಂದ, ತನ್ನ ಸಂತೋಷಕ್ಕಾಗಿ ಮಾಡುವ ಕಾರ್ಯದಲ್ಲಿಯೂ ಅದು ಕೈಹಿಡಿಯಬೇಕು. ಹೊಸ ಯಂತ್ರವನ್ನು ಕೊಳ್ಳುವ ಮುನ್ನ ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿರಿ. ಚಪ್ಪಾಳೆಯು ಗೋಡೆಯಿಂದ ಗೋಡೆಗೆ ಪುಟಿದು ಕಂಚಿನಂತೆ ಗಣಗಣಿಸಿದರೆ, ನಿಮಗೆ ಸದ್ಯಕ್ಕೆ ಬೇಕಾಗಿರುವುದು ಆಂಪ್ಲಿಫಯರಲ್ಲ; ಒಂದು ದಪ್ಪ ಪರದೆ, ಎರಡು ಹತ್ತಿಯ ಹಾಸಿಗೆ ಮತ್ತು ಒಂದು ಅಳತೆಯ ಪಟ್ಟಿ.